ಆ ಚೀಜು ಯಾರದು?

ಬೆಳಗಾವಿ
ರವಿವಾರ, 16 ನವೆಂಬರ್ 2025

ಸಂಗೀತ ಬಳಗದ ಸಭೆ ಮುಗಿಸಿಕೊಂಡು ಟಿಳಕವಾಡಿಯಿಂದ ಮನೆ ಸೇರುವಷ್ಟರಲ್ಲಿ ರಾತ್ರಿ ಹತ್ತು ಮೀರಿತ್ತು. ಫೆಬ್ರುವರಿಯ ಬೈಠಕ್ಕಿಗೆ, ಅಂದರೆ ಹಾಡಿಕೆಯ ಕಾರ್ಯಕ್ರಮಕ್ಕೆ, ಯಾರನ್ನು ಕರೆಯಬೇಕು ಎಂಬ ಒಂದೇ ವಿಷಯ ಇಡೀ ಸಂಜೆಯನ್ನು ನುಂಗಿತು. ವರ್ಗಣಿ, ಸಭಾಗೃಹದ ಬಾಡಿಗೆ, ಮೈಕಿನವನ ಬಾಕಿ ಇವುಗಳ ಮಾತೇ ಬರಲಿಲ್ಲ. ಖಜಾಂಚಿಯಾದ ನಾನು ಒಯ್ದಿದ್ದ ಕಾಗದಗಳು ಬಿಚ್ಚದೆಯೇ ತಿರುಗಿ ಬಂದವು. ಅಧ್ಯಕ್ಷರು ಸೂಚಿಸಿದ ಹೆಸರು ದೊಡ್ಡದು. ಆ ಬುವಾ (ಹಿರಿಯ ಗಾಯಕರನ್ನು ಹೀಗೆ ಕರೆಯುತ್ತೇವೆ) ಹಾಡುತ್ತಾರೆಂದರೆ ಸಾಂಗಲಿಯಿಂದಲೂ ಧಾರವಾಡದಿಂದಲೂ ಜನ ಬರುತ್ತಾರೆ. ಅವರ ಮೇಲೆ ಇಬ್ಬರು ಹಳೆಯ ಶಿಷ್ಯೆಯರು ಹೊರಿಸಿರುವ ಲೈಂಗಿಕ ಕಿರುಕುಳದ ಆರೋಪವೂ ಅಲ್ಲಿ ಕುಳಿತಿದ್ದ ಎಲ್ಲರಿಗೂ ಗೊತ್ತಿತ್ತು, ಆದರೆ ಮೊದಲ ಸುತ್ತಿನ ಚಹಾ ಮುಗಿಯುವವರೆಗೆ ಯಾರೂ ಅದನ್ನು ಎತ್ತಲಿಲ್ಲ.

ಎತ್ತಿದವರು ತಬಲಾ ಕಾಕಾ, ಅದೂ ಅಲ್ಲಿಗೇ ಮುಚ್ಚಿಹಾಕಲೆಂದು. “ಹಾಡಿಕಿ ಬ್ಯಾರೆ, ಮನಷ್ಯಾ ಬ್ಯಾರೆ. ನಾವು ಕರಿಯೂದು ಅವರ ಗಂಟಲಾ, ಗುಣಾ ಅಲ್ಲ” ಎಂದರು. ಮಾತು ಕಿವಿಗೆ ಹಿತವಾಗಿತ್ತು, ಒಂದಿಬ್ಬರು ತಲೆದೂಗಿದರು. ಅದಕ್ಕೆದುರಾಗಿ ನಮ್ಮ ನಿವೃತ್ತ ಮಾಸ್ತರರು, ಇದು ಶರಣರು ನಡೆದಾಡಿದ ನೆಲ, ನುಡಿದಂತೆ ನಡೆಯದವನ ನುಡಿಗೆ ಇಲ್ಲಿ ಬೆಲೆಯಿಲ್ಲ ಎಂದು ದನಿ ಏರಿಸಿದರು. ನನಗೆ ಇಬ್ಬರ ಮಾತೂ ರುಚಿಸಲಿಲ್ಲ. ಶರಣರು ಆ ಅಳತೆಯನ್ನು ಮೊದಲು ತಮಗೇ ಹಚ್ಚಿಕೊಂಡವರು. ಅದನ್ನೇ ಹಿಡಿದು ಗಾಯಕರನ್ನೆಲ್ಲ ಅಳೆಯುತ್ತ ಹೋದರೆ ವೇದಿಕೆಯ ಮೇಲೆ ತಂಬೂರಿಗಳಷ್ಟೇ ಉಳಿದಾವು. ಕುಡಿತ, ಸಾಲ, ಎರಡು ಸಂಸಾರ, ಸಿಟ್ಟಿನಲ್ಲಿ ಮೈಫಿಲು ಬಿಟ್ಟೆದ್ದು ಹೋಗುವುದು, ಇವೆಲ್ಲ ನಮ್ಮ ಕಡೆಯ ರಸಿಕರು ನಕ್ಕು ಹೇಳಿಕೊಳ್ಳುವ ಕಥೆಗಳು. ಕಲಿಯಲು ಬಂದ ಹುಡುಗಿಯ ಮೇಲೆ ಕೈ ಹಾಕುವುದನ್ನೂ ಅದೇ ಸಾಲಿಗೆ ಸೇರಿಸಿ “ಕಲಾವಿದರ ಸ್ವಭಾವ” ಎಂದುಬಿಡುವುದನ್ನು ಮಾತ್ರ ನಾನು ಒಪ್ಪಲಾರೆ. ಕುಡಿಯುವ ಗುರು ತನ್ನ ಗಂಟಲನ್ನು ಹಾಳುಮಾಡಿಕೊಳ್ಳುತ್ತಾನೆ. ಇವನು ಇನ್ನೊಬ್ಬಳ ಗಂಟಲನ್ನು ಹಾಳುಮಾಡುತ್ತಾನೆ.

ವಕೀಲ ಮಾಮಾ ಎಂದಿನಂತೆ ಮಧ್ಯದ ದಾರಿ ಹಿಡಿದರು. ಆರೋಪ ಸಾಬೀತಾಗಿಲ್ಲ, ಯಾವ ಸಮಿತಿಯ ಮುಂದೆಯೂ ದೂರಿಲ್ಲ ಎಂದರು; ಅಷ್ಟಕ್ಕೇ ನಿಲ್ಲಿಸದೆ ಯಾಕಿಲ್ಲ ಎಂಬುದನ್ನೂ ಅವರೇ ಬಿಡಿಸಿ ಹೇಳಿದ್ದು ಅವರ ದೊಡ್ಡತನ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು, ಅದೂ ಘಟನೆ ನಡೆದ ಮೂರು ತಿಂಗಳೊಳಗೆ. ಸಮಿತಿಗೆ ಕಾರಣ ಸರಿಯೆನಿಸಿದರೆ ಇನ್ನೂ ಮೂರು ತಿಂಗಳ ಅವಕಾಶ ಕೊಡಬಹುದು. ಗುರುವಿನ ಮನೆಯಲ್ಲಿದ್ದು ಕಲಿಯುವವಳಿಗೆ ಸಂಬಳವಿಲ್ಲ, ನೇಮಕದ ಪತ್ರವಿಲ್ಲ, ಶಿಷ್ಯೆಯಾದ ಗುರುತಿಗೆ ಮುಂಗೈಗೆ ಕಟ್ಟಿದ ಗಂಡಾ ದಾರವೊಂದೇ ಆಧಾರ. ಆ ಮನೆಯಲ್ಲಿ ಮುಸುರೆ ತಿಕ್ಕುವ ಹೆಣ್ಣುಮಗಳನ್ನು ಕಾಯ್ದೆ ಸ್ಪಷ್ಟವಾಗಿ ಸೇರಿಸಿಕೊಂಡಿದೆ. ಶಿಷ್ಯೆ ಮಾತ್ರ ತಾನು ಆ ಮನೆಗೆ ಏನಾಗಬೇಕೆಂಬುದನ್ನು ವಾದಿಸಿ ತೋರಿಸಬೇಕು. “ಇಷ್ಟು ವರ್ಷ ಯಾಕ ಸುಮ್ಮನಿದ್ದರಂತ?” ಎಂದು ಯಾರೋ ಹಿಂದಿನಿಂದ ಕೇಳಿದರು. ಆ ಪ್ರಶ್ನೆಗೆ 2021ರ ಫೆಬ್ರುವರಿಯಲ್ಲೇ ದಿಲ್ಲಿಯ ನ್ಯಾಯಾಲಯ ಉತ್ತರ ಕೊಟ್ಟಿದೆ: ಲೈಂಗಿಕ ಕಿರುಕುಳದ ಆರೋಪ ಮಾಡಿದ್ದಕ್ಕೆ ಮಾಜಿ ಕೇಂದ್ರ ಸಚಿವರೊಬ್ಬರು ಹೂಡಿದ್ದ ಮಾನಹಾನಿಯ ಮೊಕದ್ದಮೆಯಲ್ಲಿ ಪತ್ರಕರ್ತೆ ಪ್ರಿಯಾ ರಮಾನಿಯವರನ್ನು ಬಿಡುಗಡೆ ಮಾಡುವಾಗ, ದಶಕಗಳ ಬಳಿಕವೂ ತನಗೆ ಸರಿಕಂಡ ಯಾವ ವೇದಿಕೆಯಲ್ಲಾದರೂ ತನ್ನ ಅಳಲನ್ನು ಹೇಳಿಕೊಳ್ಳುವ ಹಕ್ಕು ಹೆಣ್ಣಿಗಿದೆ ಎಂದಿತು. ಇದನ್ನು ನಾನು ಸಭೆಯಲ್ಲಿ ಹೇಳಿದೆ. ಪ್ರಶ್ನೆ ಕೇಳಿದವರಿಗೆ ಅಷ್ಟರಲ್ಲಿ ಫೋನು ಬಂದಿತ್ತು.

ಇದೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಶುಕ್ರವಾರ ಇಲ್ಲಿಯ ಶಹಾಪುರದಲ್ಲಿ ನಡೆದ ಮಾತು. ಯಾರ ಮನೆಗೆ ಹೋಗಿದ್ದೆನೆಂದು ಓದುವವರಲ್ಲಿ ಕೆಲವರು ಊಹಿಸಿಯಾರು, ಊಹೆಯನ್ನು ತಮ್ಮಲ್ಲೇ ಇಟ್ಟುಕೊಳ್ಳಲಿ. ಇಷ್ಟನ್ನು ಬರೆಯಲು ಅವಳ ಒಪ್ಪಿಗೆಯಿದೆ. ಅವಳ ಗುರು ಬೇರೆ, ಈಗ ಬದುಕಿಲ್ಲ. ಅವರ ಧ್ವನಿಮುದ್ರಣಗಳನ್ನು ಜನ ಇವತ್ತಿಗೂ ಕಣ್ಣುಮುಚ್ಚಿ ಕೇಳುತ್ತಾರೆ. ಅವಳು ಆ ಮನೆಯನ್ನು ಬಿಟ್ಟು ಬಂದ ಮೇಲೆ ಬಹಳ ಕಾಲ ಹಾಡಲೇ ಇಲ್ಲ, ತಂಬೂರಿಗೆ ಗವಸು ಹಾಕಿ ಅಟ್ಟಕ್ಕೇರಿಸಿದ್ದಳು. ಈಗ ಸಂಜೆ ಓಣಿಯ ಮಕ್ಕಳಿಗೆ ಕಲಿಸುತ್ತಾಳೆ.

ಮಾತಿನ ನಡುವೆ ಅವಳು ಹಳೆಯ ವಹಿಯೊಂದನ್ನು ತೆಗೆದು ಪೂರಿಯಾ ಧನಾಶ್ರೀ ರಾಗದ ಒಂದು ಚೀಜಿನ, ಅಂದರೆ ಕಟ್ಟಿದ ಹಾಡಿನ, ಪುಟವನ್ನು ತೋರಿಸಿದಳು. ಭಾತಖಂಡೆ ಪದ್ಧತಿಯ ಸ್ವರಲಿಪಿ, ನೀಲಿ ಶಾಯಿ. ರಿಷಭ ಧೈವತಗಳ ಕೆಳಗೆ ಕೋಮಲದ ಅಡ್ಡಗೆರೆ, ಮಧ್ಯಮದ ತಲೆಯ ಮೇಲೆ ತೀವ್ರದ ನೆಟ್ಟಗೆರೆ, ತಾಳದ ಮೊದಲ ಮಾತ್ರೆಯಾದ ಸಮ್ಮಿನ ಜಾಗದಲ್ಲಿ ಒತ್ತಿ ಬರೆದ ಗುಣಾಕಾರದ ಗುರುತು. ಹಾಡಿನ ಮೊದಲ ಭಾಗವಾದ ಸ್ಥಾಯಿಯ ಎರಡನೆಯ ಸಾಲಿನಲ್ಲಿ ಮಾತ್ರ ಕಾಗದ ಸವೆದು ತೆಳ್ಳಗಾಗಿತ್ತು. ಅಲ್ಲಿ ಉಜ್ಜಿ ಅಳಿಸಿ, ಪೆನ್ಸಿಲಿನಲ್ಲಿ ಬೇರೆ ಸ್ವರಗಳನ್ನು ಬರೆದಿದ್ದಳು. “ಇಲ್ಲಿ ಅವರದೊಂದು ಜಾಗಾ ಇತ್ತರಿ ಅಕ್ಕಾರ” ಎಂದಳು. ನಿಷಾದದಿಂದ ಮೇಲಿನ ಷಡ್ಜವನ್ನು ಮುಟ್ಟದೆ ಸುತ್ತಿ ಇಳಿಯುವ ಅವರದೇ ತಿರುವು, ಜನ ವಾಹ್ವಾ ಎನ್ನುತ್ತಿದ್ದದ್ದೇ ಆ ಜಾಗಕ್ಕೆ. ಅಲ್ಲಿಗೆ ಬಂದೊಡನೆ ತನ್ನ ಬಾಯಿಂದ ಅವರ ದನಿಯೇ ಹೊರಬರುತ್ತಿತ್ತಂತೆ, ಮೈ ತಣ್ಣಗಾಗುತ್ತಿತ್ತಂತೆ. ಅದೊಂದನ್ನು ತೆಗೆದುಹಾಕಿ, ಷಡ್ಜವನ್ನು ನೇರವಾಗಿ ಮುಟ್ಟಿ ಇಳಿಯುವ ಬೇರೊಂದು ದಾರಿಯನ್ನು ತಾನೇ ಕೂಡಿಸಿಕೊಂಡಿದ್ದಾಳೆ. ಹಾಡಿ ತೋರಿಸಿದಳು. ಮೊದಲಿನಷ್ಟು ಚಂದವಿಲ್ಲ ಎಂದೇ ನನ್ನ ಕಿವಿ ಹೇಳಿತು. ಅದನ್ನು ಅವಳಿಗೂ ಹೇಳಿದೆ, ಅವಳು ನಕ್ಕು ಹೌದೆಂದಳು.

ಹಾಗಿದ್ದರೆ ಆ ಚೀಜನ್ನೇ ಬಿಟ್ಟುಬಿಡಬಹುದಿತ್ತಲ್ಲ ಎಂದು ಕೇಳಿದೆ. ಅವಳ ಉತ್ತರವನ್ನು ಅವಳ ಮಾತಿನಲ್ಲೇ ಬರೆದಿಡಬೇಕು: “ಅದು ಅವರು ಕಟ್ಟಿದ್ದಲ್ಲರಿ. ಅವರಿಗೆ ಅವರ ಗುರುಗಳು ಕೊಟ್ಟದ್ದು, ಆ ಗುರುಗಳಿಗೆ ಮತ್ತ್ಯಾರೋ ಕೊಟ್ಟದ್ದು. ನಡುವಿನವರೊಬ್ಬರು ಹಿಂಗಿದ್ದರು ಅಂತ ನಾ ಯಾಕ ಬಿಡಲಿ? ಅವರು ತಗೊಂಡಿದ್ದು ಸಾಕಾಗಿಲ್ಲೇನು?”

ತಬಲಾ ಕಾಕಾ ಇವತ್ತು ಹೇಳಿದ್ದನ್ನೇ ಅವಳೂ ಮಾಡಿದ್ದಾಳೆ, ಹಾಡನ್ನು ಹಾಡಿದವನಿಂದ ಬಿಡಿಸಿಕೊಂಡಿದ್ದಾಳೆ. ಆದರೆ ಅವಳು ಅದನ್ನು ಒಂದೊಂದೇ ಸ್ವರವಾಗಿ, ವರ್ಷಗಟ್ಟಲೆ ಕುಳಿತು ಮಾಡಿದ್ದಾಳೆ, ತನ್ನ ದನಿಯನ್ನು ಹಿಂದಕ್ಕೆ ಪಡೆಯಲು ಮಾಡಿದ್ದಾಳೆ. ನಾವು ಅದನ್ನು ಒಂದು ಕಪ್ ಚಹಾದ ಅವಧಿಯಲ್ಲಿ, ಬುವಾ ಅವರನ್ನು ವೇದಿಕೆಯ ಮೇಲೆ ಉಳಿಸಿಕೊಳ್ಳಲು ಮಾಡಹೊರಟಿದ್ದೇವೆ. ಕಲೆಯನ್ನು ಕಲಾವಿದನಿಂದ ಬೇರ್ಪಡಿಸುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ಅವಳಿಗಿದೆ. ಕೇಳುಗರಾದ ನಮ್ಮ ಸರದಿ ಆಮೇಲಿನದು, ಅದೂ ಬಂದರೆ.

ಪುಸ್ತಕದ ಮಾತು ಸ್ವಲ್ಪ ಬೇರೆಯೆಂದು ನನಗೆ ಅನಿಸುತ್ತದೆ. ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೋ ಅವರಿಗೆ 2013ರಲ್ಲಿ ನೊಬೆಲ್ ಬಂದಾಗ ಹುಡುಕಿ ತರಿಸಿಕೊಂಡು ಓದಿದವಳು ನಾನು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಜುಲೈನಲ್ಲಿ ಅವರ ಕಿರಿಯ ಮಗಳು, ಒಂಬತ್ತು ವರ್ಷದವಳಿದ್ದಾಗ ಮಲತಂದೆ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನೂ, ತಾನು ದೊಡ್ಡವಳಾಗಿ ಪತ್ರ ಬರೆದು ತಿಳಿಸಿದ ಮೇಲೂ ತಾಯಿ ಆತನ ಜೊತೆಯಲ್ಲೇ ಬಾಳಿದ್ದನ್ನೂ ಪತ್ರಿಕೆಯಲ್ಲಿ ಬರೆದರು. ಮಲತಂದೆ 2005ರಲ್ಲೇ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿದ್ದ. ಆ ಕಥೆಗಳಲ್ಲಿ ಬರುವ ಸುಮ್ಮನಿರುವ ತಾಯಂದಿರನ್ನು ಮೊದಲಿನ ಹಾಗೆ ನಾನಿನ್ನು ಓದಲಾರೆ, ಆದರೆ ಓದುತ್ತೇನೆ. ಆ ಪುಟಕ್ಕೂ ನನಗೂ ನಡುವೆ ಯಾರಿಗೂ ಹಾರ ಹಾಕಬೇಕಾಗಿಲ್ಲ, ಶಾಲು ಹೊದಿಸಬೇಕಾಗಿಲ್ಲ. ಬೈಠಕ್ಕು ಹಾಗಲ್ಲ. ಸುಲೇಭಾವಿಯಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಹೆಸರಿನ ರಂಗಮಂದಿರವಿರುವ ಊರಿದು. ಇಲ್ಲಿ ಒಬ್ಬರನ್ನು ಕೂರಿಸಿ ಹಾಡಿಸಿದೆವೆಂದರೆ, ನಿಮ್ಮ ಮಕ್ಕಳನ್ನು ಇವರ ಹತ್ತಿರ ಕಲಿಯಲು ಕಳಿಸಬಹುದು ಎಂದೇ ತಾಯಿತಂದೆಯರು ತಿಳಿಯುತ್ತಾರೆ. ಇವತ್ತೂ ಆ ಬುವಾ ಅವರ ಮನೆಯಲ್ಲಿ ಹೊಸ ಹುಡುಗಿಯರು ಕಲಿಯುತ್ತಿದ್ದಾರೆ.

2018ರ ಅಕ್ಟೋಬರ್‌ನಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿ ಇಂಥದೇ ಆರೋಪಕ್ಕೊಳಗಾದ ಏಳು ಕಲಾವಿದರನ್ನು ಡಿಸೆಂಬರ್ ಕಛೇರಿಗಳಿಂದ ಕೈಬಿಟ್ಟಿತು. ಯಾವ ನ್ಯಾಯಾಲಯದ ತೀರ್ಪಿಗೂ ಕಾಯಲಿಲ್ಲ. ಇದನ್ನು ಹೇಳಿದಾಗ ಅಧ್ಯಕ್ಷರು “ಅದು ದೊಡ್ಡ ಸಂಸ್ಥಾ, ಅವರಿಗೆ ನಡೀತೈತಿ” ಎಂದರು. ನನ್ನ ವಾದ ಇಷ್ಟೇ: ಒಬ್ಬರನ್ನು ಅಪರಾಧಿಯೆಂದು ಕರೆಯಲು ತೀರ್ಪು ಬೇಕು, ಕರೆಯದೆ ಇರಲು ಬೇಡ. ನಮ್ಮ ಆಮಂತ್ರಣ ಯಾರ ಜನ್ಮಸಿದ್ಧ ಹಕ್ಕೂ ಅಲ್ಲ. ಕರೆಯದಿರುವುದು ಶಿಕ್ಷೆಯೆಂದಾದರೆ ಈ ಊರಿನ ಎಷ್ಟು ಗಾಯಕಿಯರಿಗೆ ನಾವು ಯಾವ ತಪ್ಪೂ ಇಲ್ಲದೆ ಶಿಕ್ಷೆ ಕೊಡುತ್ತ ಬಂದಿದ್ದೇವೆ!

ಕೊನೆಗೆ ಒಂದು ಮತದ ಅಂತರದಿಂದ ಈ ವರ್ಷ ಅವರನ್ನು ಕರೆಯುವುದು ಬೇಡವೆಂದಾಯಿತು. ಅಧ್ಯಕ್ಷರು ಮೊದಲೇ ಫೋನಿನಲ್ಲಿ ತಾರೀಖು ಕೇಳಿಬಿಟ್ಟಿದ್ದರಂತೆ, ಆದ್ದರಿಂದ ಈಗ ಪತ್ರ ಹೋಗಬೇಕು, ಅದನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾರಣ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಕೆಳಗೆ ಮಾನಹಾನಿಯ ನೋಟೀಸು ಬರಬಹುದೆಂದು ವಕೀಲ ಮಾಮಾ ಎಚ್ಚರಿಸಿದರು. ಇಲ್ಲಿ ಹೆಸರು ಬರೆಯದಿರುವುದಕ್ಕೂ ಅದೇ ಕಾರಣ. ಸಭಾಗೃಹ ಸಿಗಲಿಲ್ಲವೆಂದು ಬರೆದರೆ ಶುದ್ಧ ಸುಳ್ಳು. “ಕಾರ್ಯಕಾರಿ ಸಮಿತಿಯ ನಿರ್ಣಯದಂತೆ” ಎಂಬಷ್ಟಕ್ಕೆ ನಿಲ್ಲಿಸಿದ್ದೇನೆ, ಮುಂದಿನ ಸಾಲು ಹೊಳೆಯುತ್ತಿಲ್ಲ.

ಹೊಳೆಯದಿರಲು ಇನ್ನೊಂದು ಕಾರಣವಿದೆ. ಬುವಾ ಅವರ ಹಿಂದೆ ತಂಬೂರಿ ಹಿಡಿದು ಕೂಡುವ ಈಗಿನ ಇಬ್ಬರು ಹುಡುಗಿಯರಿಗೂ ಫೆಬ್ರುವರಿಯ ವೇದಿಕೆ ತಪ್ಪುತ್ತದೆ. ಅವರಲ್ಲಿ ಒಬ್ಬಳು ಚೆನ್ನಾಗಿ ಹಾಡುತ್ತಾಳೆಂದು ಕೇಳಿದ್ದೇನೆ. ಅವಳೊಬ್ಬಳನ್ನೇ ಸ್ವತಂತ್ರವಾಗಿ ಕರೆಯೋಣವೆಂದು ಮುಂದಿನ ಸಭೆಯಲ್ಲಿ ಹೇಳಬೇಕೆಂದಿದ್ದೇನೆ, ಆದರೆ ಗುರುವನ್ನು ಬಿಟ್ಟು ಶಿಷ್ಯೆಯನ್ನು ಕರೆದರೆ ಆ ಮನೆಯಲ್ಲಿ ಮರುದಿನ ಅವಳ ಪಾಡು ಏನಾದೀತು?