ಲೆಕ್ಕ ಹೊರಗೆ ಬರುವಂತಿರಬೇಕು

ಗದಗ, 22 ನವೆಂಬರ್ 2025, ಶನಿವಾರ

ಇವತ್ತು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಹಾಗಾಗಿ ಮುಂಡರಗಿ ರಸ್ತೆಯ ಒಂದು ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಇಡೀ ದಿನ ಕೂತು ಕೆಲಸ ಮಾಡಲು ಪುರುಸೊತ್ತು ಸಿಕ್ಕಿತು. ದಾಖಲೆ ಇಟ್ಟು ಲೆಕ್ಕ ಮಾಡುವ ಫಾಕ್ಸ್‌ಪ್ರೋ ಅನ್ನೋ ಹಳೆ ಸಾಫ್ಟ್‌ವೇರ್‌ನಲ್ಲಿ ನಾನು ಬರೆದ ಪ್ರೋಗ್ರಾಂನಲ್ಲಿದ್ದ ಆ ಸಂಘದ ಲೆಕ್ಕವೆಲ್ಲ ಕೇಂದ್ರ ಸರ್ಕಾರದ ಹೊಸ ಸಾಫ್ಟ್‌ವೇರ್‌ಗೆ ಹೋಗಿದೆ. ಶೇರು, ಠೇವಣಿ, ಬೆಳೆಸಾಲ, ಗೊಬ್ಬರದ ಸ್ಟಾಕು, ಎಲ್ಲವನ್ನೂ ಎರಡೂ ಕಡೆ ಕೂಡಿಸಿ ನೋಡಿದೆವು. ಸಂಜೆ ಹೊತ್ತಿಗೆ ತಾಳೆ ಪಟ್ಟಿ ಪೈಸೆ ಸಮೇತ ಹೊಂದಿತು. ಸೆಕ್ರೆಟರಿಯವರು ಚಹಾ ತರಿಸಿದರು. "ಅಕ್ಕಾರ, ಇನ್ನ ನಿಮ್ಮ ಸಾಫ್ಟ್‌ವೇರ್ ಬಂದ್ ಮಾಡೂದಲ್ರಿ? ನಿಮಗ ಬ್ಯಾಸರ ಆಗೂದಿಲ್ಲೇನ್ರಿ?" ಅಂತ ಕೇಳಿದರು.

ಬೇಸರ ಇಲ್ಲ, ಖುಷಿಯೇ ಆಗಿದೆ. ನಾನು ಬರೆದ ಪ್ರೋಗ್ರಾಂ ಇವತ್ತಲ್ಲ ನಾಳೆ ನಿಲ್ಲಲೇಬೇಕಿತ್ತು. ಅದರೊಳಗಿನ ಲೆಕ್ಕ ಒಂದು ಸಾಲೂ ಬಿಡದೆ ಹೊರಗೆ ಬಂತು, ಬೇರೆಯವರ ಕೈ ಸೇರಿತು. ಕಂಪ್ಯೂಟರ್ ಕೆಲಸದಲ್ಲಿ ಇದಕ್ಕಿಂತ ದೊಡ್ಡ ವಿಷಯ ನನಗೆ ಗೊತ್ತಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು ಅನಿಸಿತು. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ-ಹುಡುಗಿಯರಿಗೆ ಇದನ್ನು ಹೇಳುವವರು ಕಡಿಮೆ.

ನಾನು ಕೆಲಸ ಕಲಿತಾಗ ಒಂದು ಫ್ಲಾಪಿಯಲ್ಲಿ 360 ಕೆಬಿ ಹಿಡಿಯುತ್ತಿತ್ತು. ಮೊದಲು ಡಿಬೇಸ್, ಆಮೇಲೆ ಫಾಕ್ಸ್‌ಬೇಸ್, ಆಮೇಲೆ ಫಾಕ್ಸ್‌ಪ್ರೋ. ಈ ಭಾಗದ ಸಂಘಗಳು, ದಲಾಲಿ ಅಂಗಡಿಗಳು, ಅಡತಿಗಳು, ಹತ್ತಿ ಮಿಲ್ಲುಗಳು, ಪ್ರಿಂಟಿಂಗ್ ಪ್ರೆಸ್ಸುಗಳು ಎಲ್ಲ ಅದರ ಮೇಲೇ ನಡೆದವು. ಡಿಬೇಸ್‌ನ ಮೂಲ ಬರೆದವರು ವೇಯ್ನ್ ರಾಟ್ಲಿಫ್, 1970ರ ದಶಕದ ಕೊನೆಗೆ, ಅಮೆರಿಕದಲ್ಲಿ. ಫಾಕ್ಸ್‌ಪ್ರೋ ಮಾಡಿದ ಕಂಪನಿಯನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡಿತು. ಕೊನೆಯ ಆವೃತ್ತಿ 2004ರಲ್ಲಿ ಬಂತು, 2015ರ ಜನವರಿಗೆ ಅದಕ್ಕೂ ಸಪೋರ್ಟ್ ನಿಂತಿತು. ಆದರೂ ಇಲ್ಲಿ ಇನ್ನೂ ಓಡುತ್ತಿತ್ತು. ಹಳೇದಕ್ಕೆ ಅಂಟಿಕೊಂಡಿದ್ದಾರೆ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗೆ ಕಂಡಿಲ್ಲ. ಹೊತ್ತು ಮುಳುಗುವುದರೊಳಗೆ ಕಿರ್ದಿ ಹೊಂದಬೇಕು ಅನ್ನೋ ಕ್ಲಾರ್ಕಿಗೆ ಅದು ಕೈ ಕೊಡಲಿಲ್ಲ, ಅದಕ್ಕೇ ಉಳಿಯಿತು.

ಅದು ಬಾಳಿದ್ದಕ್ಕೆ ಇನ್ನೊಂದು ಕಾರಣ ಅದರ ಫೈಲಿನೊಳಗೇ ಇದೆ. ಅದು ದಾಖಲೆಗಳನ್ನು ಇಡುವ ಡಿಬಿಎಫ್ ಫೈಲನ್ನು ಬಿಚ್ಚಿ ನೋಡಿದರೆ ಮೊದಲಿಗೆ 32 ಬೈಟಿನ (ಒಂದು ಬೈಟು ಅಂದರೆ ಒಂದು ಇಂಗ್ಲಿಷ್ ಅಕ್ಷರದಷ್ಟು ಜಾಗ) ಒಂದು ತಲೆಭಾಗ. ಎಷ್ಟು ದಾಖಲೆ ಇವೆ, ಒಂದೊಂದು ಎಷ್ಟು ಉದ್ದ ಅಂತ ಅಲ್ಲಿರುತ್ತದೆ. ಆಮೇಲೆ ಒಂದೊಂದು ಕಾಲಮ್ಮಿಗೂ 32 ಬೈಟು: ಹೆಸರು, ಅದು ಅಕ್ಷರವೋ ಸಂಖ್ಯೆಯೋ ತಾರೀಖೋ, ಎಷ್ಟು ಅಗಲ. ಅಲ್ಲಿಂದ ಮುಂದೆ ಸಾಲಾಗಿ ದಾಖಲೆಗಳು. ನಾವು ಬಳಸುತ್ತಿದ್ದ ಸಾದಾ ಕಾಲಮ್ಮುಗಳಲ್ಲಿ ಸಂಖ್ಯೆ ಕೂಡ ಓದಬಹುದಾದ ಅಂಕಿಗಳಾಗಿಯೇ ಕೂತಿರುತ್ತದೆ. ತಾರೀಖು ಎಂಟು ಅಂಕಿ, ಇಸವಿ ಪೂರ್ತಿ ನಾಲ್ಕು. ನೋಟ್‌ಪ್ಯಾಡಿನಲ್ಲಿ ತೆರೆದರೂ ಸಾಲದ ಮೊತ್ತ ಕಣ್ಣಿಗೆ ಬೀಳುತ್ತದೆ. ಅಂದರೆ ಫಾಕ್ಸ್‌ಪ್ರೋ ಇಲ್ಲದಿದ್ದರೂ ಫೈಲು ತನ್ನ ಕಥೆ ತಾನೇ ಹೇಳುತ್ತದೆ.

ಇನ್ನೊಂದು ಚಂದ ಇದೆ ಅದರಲ್ಲಿ. ಪ್ರತಿ ದಾಖಲೆಯ ಮೊದಲ ಬೈಟು ಖಾಲಿ ಇರುತ್ತದೆ. ಡಿಲೀಟ್ ಅಂತ ಕೊಟ್ಟರೆ ದಾಖಲೆ ಎಲ್ಲಿಗೂ ಹೋಗುವುದಿಲ್ಲ. ಆ ಖಾಲಿ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೇ. ರೀಕಾಲ್ ಅಂದರೆ ಗುರುತು ಅಳಿದು ದಾಖಲೆ ವಾಪಸ್. ಪ್ಯಾಕ್ ಅಂತ ಕೊಟ್ಟಾಗ ಮಾತ್ರ ಖಾಯಂ ಹೋಗುತ್ತದೆ. ನನ್ನ ಯಾವ ಪ್ರೋಗ್ರಾಂನಲ್ಲೂ ಪ್ಯಾಕ್ ಇಡಲಿಲ್ಲ. ತಪ್ಪು ಎಂಟ್ರಿಯಾದರೆ ಅಳಿಸಬಾರದು, ಉಲ್ಟಾ ಎಂಟ್ರಿ ಹಾಕಬೇಕು ಅಂತ ನನಗೆ ಹೇಳಿಕೊಟ್ಟವರು ಒಬ್ಬ ಹಿರಿಯ ಆಡಿಟರು. ಕಂಪ್ಯೂಟರ್ ಮುಟ್ಟಿದವರೇ ಅಲ್ಲ ಅವರು. ಕಿರ್ದಿಯಲ್ಲಿ ಶಾಯಿಯಿಂದ ಬರೆದದ್ದನ್ನು ಕೆರೆದು ತೆಗೆಯುವಂತಿರಲಿಲ್ಲ, ಮೇಲೆ ಗೀಟು ಎಳೆದು ಸಹಿ ಹಾಕಬೇಕಿತ್ತು. ಆ ಶಿಸ್ತು ಯಂತ್ರಕ್ಕೂ ಬೇಕು ಅಂತ ಅವತ್ತೇ ಒಪ್ಪಿಕೊಂಡೆ.

ಈ ಶಿಸ್ತಿನ ಬೆಲೆ ಗೊತ್ತಾದದ್ದು 2017ರಲ್ಲಿ. ಆ ಜೂನ್‌ನಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲದಲ್ಲಿ ತಲಾ 50,000 ರೂಪಾಯಿವರೆಗೆ ಮನ್ನಾ ಅಂತ ಸಾರಿತು. ಜೂನ್ 20ಕ್ಕೆ ಯಾರ ಬಾಕಿ ಎಷ್ಟಿತ್ತೋ ಅದರ ಮೇಲೆ. ಮರುದಿನದಿಂದ ಸಂಘಗಳ ಮುಂದೆ ಜನವೋ ಜನ. ಪಟ್ಟಿ ಕೊಡಿ ಅಂತ ಮೇಲಿನಿಂದ ಫೋನು. ಕೇಳುವುದಕ್ಕೆ ಸಣ್ಣ ಪ್ರಶ್ನೆ: ಆ ಒಂದು ದಿನ, ಈ ರೈತನ ಹೆಸರಲ್ಲಿ ಎಷ್ಟು ಬಾಕಿ? ಆದರೆ ಎಷ್ಟೋ ಪ್ರೋಗ್ರಾಂಗಳಿಗೆ ಉತ್ತರ ಕೊಡಲು ಆಗಲಿಲ್ಲ. ಅವು ಖಾತೆಯ ಮುಂದೆ ಇವತ್ತಿನ ಬಾಕಿಯನ್ನು ಮಾತ್ರ ಬರೆದಿಟ್ಟಿದ್ದವು. ದುಡ್ಡು ಕಟ್ಟಿದಾಗಲೆಲ್ಲ ಹಳೆ ಅಂಕಿ ಹೋಗಿ ಹೊಸ ಅಂಕಿ. ಜೂನ್ 20 ಆದ ಮೇಲೆ ಯಾರಾದರೂ ಸಾಲ ತುಂಬಿ ನವೀಕರಣ ಮಾಡಿಸಿಕೊಂಡಿದ್ದರೆ, 20ನೇ ತಾರೀಖಿನ ಅಂಕಿ ಆ ಕಂಪ್ಯೂಟರಿನಲ್ಲಿ ಎಲ್ಲೂ ಇರಲಿಲ್ಲ. ರಸೀದಿ ಪುಸ್ತಕ ಹುಡುಕಿ ಕೈಯಿಂದ ಲೆಕ್ಕ ಹಾಕಿದರು ಪಾಪ, ರಾತ್ರಿಯೆಲ್ಲ ಕೂತು.

ನಮ್ಮ ಪ್ರೋಗ್ರಾಂನಲ್ಲಿ ಬಾಕಿಯನ್ನು ಎಲ್ಲೂ ಬರೆದೇ ಇಟ್ಟಿರಲಿಲ್ಲ. ಕೊಟ್ಟದ್ದು, ಬಂದದ್ದು, ತಾರೀಖು ಸಮೇತ ಒಂದೊಂದು ವ್ಯವಹಾರ ಮಾತ್ರ. ಬಾಕಿ ಬೇಕಾದಾಗ ಮೊದಲಿನಿಂದ ಕೂಡಿಸಿ-ಕಳೆದು ತೆಗೆಯುವುದು. ಮಷೀನು ನಿಧಾನ ಆಗುತ್ತದೆ ಅಂತ ಇದಕ್ಕೆ ಮೊದಮೊದಲು ಬೈದವರೂ ಇದ್ದರು. ಆದರೆ ಜೂನ್ 20 ಅಂತ ತಾರೀಖು ಕೊಟ್ಟರೆ ಆ ದಿನದ ಪಟ್ಟಿ ಬರುತ್ತಿತ್ತು. ಮುಂದಿನ ವರ್ಷ 1 ಲಕ್ಷದವರೆಗಿನ ಮನ್ನಾ ಬಂದಾಗ ಆಧಾರ್, ರೇಷನ್ ಕಾರ್ಡ್, ಪಹಣಿ ಎಲ್ಲ ಜೋಡಿಸಿ ಕೇಳಿದರು. ಆಗಲೂ ಸಾಲದ ಅಂಕಿಗೆ ತಲೆ ಕೆಡಿಸಿಕೊಳ್ಳುವ ಪ್ರಸಂಗ ಬರಲಿಲ್ಲ. ಯಾರೋ ಕೂತು ಸ್ಕ್ರೀನ್ ಚಂದ ಮಾಡಿದ್ದರಿಂದ ಆ ರೈತರಿಗೆ ಏನೂ ಸಿಗುತ್ತಿರಲಿಲ್ಲ. ಫೈಲಿನಲ್ಲಿ ಏನನ್ನು ಬರೆದಿಡಬೇಕು ಅನ್ನೋ ಒಂದು ತೀರ್ಮಾನದ ಮೇಲೆ ಐವತ್ತು ಸಾವಿರ ರೂಪಾಯಿ ನಿಂತಿತ್ತು. ಒಣಬೇಸಾಯದ ಮನೆಗೆ ಅದೆಷ್ಟು ದೊಡ್ಡ ದುಡ್ಡು ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ ಅಲ್ವಾ?

ಇದಕ್ಕೆ ಪೂರ್ತಿ ತದ್ವಿರುದ್ಧದ್ದನ್ನೂ ಕಂಡಿದ್ದೇನೆ. ಪಕ್ಕದ ಜಿಲ್ಲೆಯ ಒಂದು ಸೊಸೈಟಿ ಹೊರಗಿನ ಕಂಪನಿಯೊಂದರ ಸಾಫ್ಟ್‌ವೇರ್ ಹಾಕಿಸಿತ್ತು. ಪ್ರಿಂಟರ್ ಪೋರ್ಟಿಗೆ ಚುಚ್ಚುವ ಒಂದು ಡಾಂಗಲ್ ಇದ್ದರೆ ಮಾತ್ರ ಓಡುತ್ತಿತ್ತು. ಡೇಟಾ ಫೈಲಿಗೂ ಪಾಸ್‌ವರ್ಡು. ಕಂಪನಿ ಮುಚ್ಚಿತು, ಡಾಂಗಲ್ ಕೆಟ್ಟಿತು. ಸದಸ್ಯರ ದುಡ್ಡಿನ ಲೆಕ್ಕ ಅಲ್ಲೇ ಡಬ್ಬಿಯೊಳಗೆ ಇತ್ತು, ಓದುವವರಿಲ್ಲ. ಪಾಸ್‌ಬುಕ್ ತನ್ನಿ ಅಂತ ಡಂಗುರ ಸಾರಿ, ಬಂದ ಪಾಸ್‌ಬುಕ್ಕುಗಳಿಂದ ಖಾತೆಗಳನ್ನು ಮತ್ತೆ ಬರೆದರು. ನನಗೆ ಇದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಪ್ರೋಗ್ರಾಂ ಬರೆದವರದ್ದು ಇರಬಹುದು. ಲೆಕ್ಕ ಸದಸ್ಯರದ್ದು. ಅದಕ್ಕೆ ಕೀಲಿ ಹಾಕುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಅದಕ್ಕೆ ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಹೆಸರು. ಆ ಕಾಲದ ಲೆಕ್ಕ ಅಂದರೆ ಕಾಗದ, ಶಾಯಿ. ಅಂಥ ಪುಸ್ತಕ ಹುಳ ಹಿಡಿಯದೆ ಉಳಿದರೆ ಓದು ಬಂದ ಯಾರು ಬೇಕಾದರೂ ಓದಬಹುದು, ಯಾರ ಅಪ್ಪಣೆಯೂ ಬೇಡ. ಕಂಪ್ಯೂಟರಿಗೆ ಹೋದ ಮೇಲೆ ಆ ಗುಣ ಕಡಿಮೆ ಆಗಬಾರದು. ಇದು ನನ್ನ ಹಟ ಅಂತ ಬೇಕಾದರೂ ಅನ್ನಿ.

ಹೊಸ ವ್ಯವಸ್ಥೆ ಬಗ್ಗೆ ನನಗೆ ಆಸೆ ಇದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಸಂಘಗಳನ್ನು ಒಂದೇ ಸಾಫ್ಟ್‌ವೇರ್‌ಗೆ ತರಲು 2,516 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇಷ್ಟು ದಿನ ಒಂದೊಂದು ಸಂಘದ ಲೆಕ್ಕ ಒಂದೊಂದು ಥರ ಇತ್ತು. ಈಗ ಅಢಾವೆ ಪತ್ರಿಕೆ ಎಲ್ಲ ಕಡೆ ಒಂದೇ ನಮೂನೆ. ನನ್ನಂಥ ಒಬ್ಬಳು ಕಾಯಿಲೆ ಬಿದ್ದರೆ ಹತ್ತಾರು ಸಂಘದ ಕೆಲಸ ನಿಲ್ಲುವ ಸ್ಥಿತಿ ಹೋಯಿತಲ್ಲ, ಅದು ದೊಡ್ಡ ನೆಮ್ಮದಿ.

ಡೇಟಾ ಸಾಗಿಸುವಾಗ ಜಾಸ್ತಿ ತಿಣುಕಾಡಿಸಿದ್ದು ಅಂಕಿಗಳಲ್ಲ, ಹೆಸರುಗಳು. ಹಳೆ ಫೈಲಿನಲ್ಲಿ ಕನ್ನಡ ನುಡಿ ಫಾಂಟಿನಲ್ಲಿತ್ತು. ಅಲ್ಲಿ ಕಣ್ಣಿಗೆ ಕಂಡ ಹಾಗೆ ಚೂರು ಚೂರು ಜೋಡಿಸಿರುತ್ತದೆ. ಈಗ ಎಲ್ಲ ಕಡೆ ನಡೆಯುವ ಯುನಿಕೋಡ್ ಅನ್ನೋ ಅಕ್ಷರ ಸಂಕೇತದಲ್ಲಿ ಉಚ್ಚಾರದ ಕ್ರಮ. ಪಾರ್ವತೆವ್ವ ಅನ್ನೋ ಹೆಸರನ್ನೇ ತಗೊಳ್ಳಿ. ಹಳೆ ಫೈಲಿನಲ್ಲಿ ವ ಮೊದಲು, ಅರ್ಕಾವೊತ್ತು ಅದರ ಹಿಂದೆ. ಯುನಿಕೋಡಿಗೆ ರ ಮೊದಲು ಬೇಕು, ಆಮೇಲೆ ಹಲಂತ, ಆಮೇಲೆ ವ. ಪರಿವರ್ತಿಸುವ ಪ್ರೋಗ್ರಾಂ ಅರ್ಕಾವೊತ್ತನ್ನು ಎತ್ತಿ ಹಿಂದಕ್ಕೆ ಒಯ್ದು ಕೂರಿಸಬೇಕು, ಅದೂ ಆ ಇಡೀ ಅಕ್ಷರದ ಮುಂಚೆ. ಜಾಗದ ಲೆಕ್ಕವೂ ಬದಲಾಗುತ್ತದೆ. ಹುಬ್ಬಳ್ಳಿ ಅನ್ನೋ ಮೂರೇ ಅಕ್ಷರದ ಊರು ಯುನಿಕೋಡಿನಲ್ಲಿ ಒಂಬತ್ತು ಸಂಕೇತ, ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಫೈಲಿಗೆ ಬರೆದಿಟ್ಟರೆ 27 ಬೈಟು. ಕಾಲಮ್ಮಿನ ಅಗಲವನ್ನು ಬೈಟಿನಲ್ಲಿ ಅಳೆದು ಇಪ್ಪತ್ತು ಸಾಕು ಅಂತ ಇಟ್ಟರೆ ಊರು ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ.

ಪರಿವರ್ತನೆಯ ಪ್ರೋಗ್ರಾಂ ಬರೆದದ್ದು ನನ್ನ ಜೊತೆಗಿರುವ ಹುಡುಗ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವನು. ಎಐ ಕೇಳಿ ಬರೆಸಿದ, ಮಧ್ಯಾಹ್ನದ ಊಟದ ಹೊತ್ತಿಗೆ ಸಿದ್ಧವಾಗಿತ್ತು. ನಾನಾಗಿದ್ದರೆ ವಾರ ಬೇಕಿತ್ತು. ನನಗೆ ಇದು ನಿಜಕ್ಕೂ ಅಚ್ಚರಿ, ಸಂತೋಷ ಕೂಡ. ಆದರೆ "ಮುಗೀತ್ರಿ ಅಕ್ಕಾರ" ಅಂತ ಅವನು ಎದ್ದಾಗ ಕೂರಿಸಿದೆ. ಎಷ್ಟು ಸದಸ್ಯರು ಆ ಕಡೆ, ಎಷ್ಟು ಈ ಕಡೆ. ಶೇರಿನ ಮೊತ್ತ ಎಷ್ಟು. ಆಮೇಲೆ ಖಾತೆ ನಂಬರುಗಳನ್ನೇ ಕೂಡಿಸು ಅಂದೆ. ಆ ಮೊತ್ತಕ್ಕೆ ಏನು ಅರ್ಥ ಅಂತ ಕೇಳಿದ. ಅರ್ಥ ಏನೂ ಇಲ್ಲ, ಆದರೆ ಒಂದು ಖಾತೆ ಬಿಟ್ಟುಹೋಗಿ ಅದರ ಜಾಗಕ್ಕೆ ಇನ್ನೊಂದು ಎರಡು ಸಲ ಬಂದಿದ್ದರೆ ಎಣಿಕೆ ಸರಿಯಾಗಿಯೇ ಕಾಣುತ್ತದೆ, ಈ ಮೊತ್ತ ಮಾತ್ರ ಹಿಡಿದುಕೊಡುತ್ತದೆ. ಅವನ ಮುಖ ಅರಳಿತು. ಹೆಸರುಗಳಿಗೆ ಬೇರೆ ದಾರಿ ಇರಲಿಲ್ಲ. ಊರಿನ ಎಲ್ಲ ಮನೆತನ ಗೊತ್ತಿರುವ ಹಳೆ ಕ್ಲಾರ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು, ಶೇರು ರಜಿಸ್ಟರಿನ ಒಂದೊಂದೇ ಹೆಸರನ್ನು ಹುಡುಗನ ಕೈಲಿ ಜೋರಾಗಿ ಓದಿಸಿದೆ.

ಬರೆಯುವ ಕೆಲಸ ಬೇಗ ಆಗುವ ಕಾಲ ಬಂದಿದೆ, ಒಳ್ಳೆಯದೇ. ಉಳಿದ ಹೊತ್ತನ್ನು ಈ ಥರ ಪಕ್ಕದಲ್ಲಿ ಕೂರುವುದಕ್ಕೆ ಕೊಡಬೇಕು ಅನ್ನೋದು ನನ್ನ ಆಸೆ. ಪಿಗ್ಮಿ ತುಂಬಿಸಿಕೊಳ್ಳುವ ಏಜೆಂಟ್ ಜೊತೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಸಂಜೆ ಸುಮ್ನೆ ಓಡಾಡಿ ನೋಡಿ. ಮಗ್ಗದ ಸದ್ದಿನಲ್ಲಿ ಮಷೀನಿನ ಬೀಪ್ ಕೇಳುವುದಿಲ್ಲ, ರಸೀದಿ ಬಂದರೇ ಅವರಿಗೆ ದುಡ್ಡು ಜಮಾ ಆದ ಹಾಗೆ. ಇದು ಕುರ್ಚಿಯಲ್ಲಿ ಕೂತರೆ ತಿಳಿಯುವ ಸಂಗತಿಯಲ್ಲ.

ಬೆಂಗಳೂರಿಗೆ ಯಾಕೆ ಹೋಗಲಿಲ್ಲ ಅಂತ ಈಗಲೂ ಕೇಳುತ್ತಾರೆ. ಜೊತೆಗೆ ಕಲಿತವರು ಹೋದರು, ಕೆಲವರು ಅಮೆರಿಕಕ್ಕೂ. ಒಳ್ಳೆ ಕೆಲಸ ಮಾಡಿದ್ದಾರೆ, ದುಡ್ಡೂ ಮಾಡಿದ್ದಾರೆ. ನಾನು ಮನೆ ಕಾರಣಕ್ಕೆ ಉಳಿದೆ, ಆಮೇಲೆ ಕೆಲಸದ ಕಾರಣಕ್ಕೆ ಉಳಿದೆ. ನನ್ನ ಪ್ರೋಗ್ರಾಂ ಬಳಸುವವರು ಸಂತೆಯಲ್ಲಿ ಸಿಗುತ್ತಾರೆ, ಮದುವೆಯಲ್ಲಿ ಪಕ್ಕದ ಎಲೆಗೆ ಕೂರುತ್ತಾರೆ. ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ. ಈಗ ಕಣ್ಣು ಮೊದಲಿನಷ್ಟು ನೆಟ್ಟಗಿಲ್ಲ, ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತೇನೆ. ಕೆಲಸದ ಮೇಲಿನ ಪ್ರೀತಿ ಹಾಗೇ ಇದೆ.

ಈ ಬರಹ ಓದುವ ಸಂಘದ ಸಿಬ್ಬಂದಿ ಇದ್ದರೆ ಒಂದು ಕೆಲಸ ಮಾಡಿ. ಹೊಸ ಸಾಫ್ಟ್‌ವೇರ್ ಬಂತು ಅಂತ ಮೂಲೆಯ ಹಳೆ ಕಂಪ್ಯೂಟರನ್ನು ಗುಜರಿಗೆ ಕೊಡುವ ಮುಂಚೆ ಅದರ ಡಿಸ್ಕ್ ಬಿಚ್ಚಿಸಿ. ಯುಎಸ್‌ಬಿ ಅಡಾಪ್ಟರ್ ಹಾಕಿದರೆ ಇವತ್ತಿನ ಲ್ಯಾಪ್‌ಟಾಪಿನಲ್ಲೂ ತೆರೆಯಬಹುದು. ಡಿಬಿಎಫ್ ಫೈಲುಗಳನ್ನೆಲ್ಲ ಕಾಪಿ ಮಾಡಿಕೊಳ್ಳಿ, ಅವುಗಳ ಜೊತೆಗೇ ಎಫ್‌ಪಿಟಿ ಅಥವಾ ಡಿಬಿಟಿ ಅಂತ ಇರುವ ಫೈಲುಗಳನ್ನೂ. ಉದ್ದದ ಷರಾಗಳೆಲ್ಲ ಅವುಗಳಲ್ಲಿರುತ್ತವೆ, ಬಿಟ್ಟರೆ ಸಿಗುವುದಿಲ್ಲ. ಸಿಡಿಎಕ್ಸ್, ಐಡಿಎಕ್ಸ್ ಬರೀ ಇಂಡೆಕ್ಸು, ಇಲ್ಲದಿದ್ದರೂ ನಡೆಯುತ್ತದೆ. ಲಿಬ್ರೆಆಫೀಸ್‌ನ ಕ್ಯಾಲ್ಕ್ ಅನ್ನೋ ಲೆಕ್ಕಪಟ್ಟಿ ಪ್ರೋಗ್ರಾಂನಲ್ಲಿ ಡಿಬಿಎಫ್ ಒಂದೊಂದನ್ನೇ ತೆರೆದು ಸಿಎಸ್‌ವಿ, ಅಂದರೆ ಯಾರು ಬೇಕಾದರೂ ಓದಬಹುದಾದ ಸಾದಾ ಅಕ್ಷರದ ಪಟ್ಟಿ, ಮಾಡಿ ಎರಡು ಪೆನ್‌ಡ್ರೈವಿಗೆ ಹಾಕಿ. ಒಂದು ಸಂಘದ ತಿಜೋರಿಯಲ್ಲಿರಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನಗೆ ಹೇಳಿ ಕಳಿಸಿ, ಗದಗ ಜಿಲ್ಲೆಯೊಳಗೆ ಎಲ್ಲಿದ್ದರೂ ಬರುತ್ತೇನೆ.