ಕುಡಿದದ್ದು ಎಲ್ಲಿ, ಕೊನೆಯ ಗುಟುಕು ಎಷ್ಟು ಹೊತ್ತಿಗೆ

ಕೊಪ್ಪಳ ಜಿಲ್ಲೆಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿಯಾಗಿ ರಾತ್ರಿ ಪಾಳಿ ಮಾಡುತ್ತ ಕಲಿತ ಒಂದು ವಿಷಯವನ್ನು, ಈ ವೃತ್ತಿಗೆ ಹೊಸದಾಗಿ ಬರುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಮದ್ಯ ಸೇವಿಸಿ ಪ್ರಜ್ಞೆ ಮಂಕಾದವರನ್ನು ಗೆಳೆಯರು ಹೊತ್ತು ತಂದಾಗ, ಎಷ್ಟು ಕುಡಿದರೆಂದು ಕೇಳಿದರಷ್ಟೇ ಸಾಲದು. ಎಲ್ಲಿ ಕೂತು ಕುಡಿದರು, ಕೊನೆಯ ಗುಟುಕು ಎಷ್ಟು ಹೊತ್ತಿಗೆ ಆಯಿತು ಎಂಬುದನ್ನೂ ಕೇಳಲೇಬೇಕು.

ಬಾರಿನಲ್ಲಿ 30 ಅಥವಾ 60 ಮಿಲಿ ಲೀಟರಿನ ಅಳತೆ ಇರುತ್ತದೆ, ಬಿಲ್ಲು ಏರುತ್ತಿರುತ್ತದೆ, ತಟ್ಟೆಯಲ್ಲಿ ತಿನ್ನಲು ಏನಾದರೂ ಇರುತ್ತದೆ. ಆದರೆ ಮದುವೆಯ ಹಿಂದಿನ ರಾತ್ರಿಯೋ ಡಿಸೆಂಬರ್ 31ರಂದೋ ಊರು ಸುತ್ತಲು ಹೊರಟ ಹುಡುಗರಲ್ಲಿ ಬಹಳಷ್ಟು ಮಂದಿ, ಬಾರಿನ ದರ ದುಬಾರಿ ಎಂಬ ಕಾರಣಕ್ಕೆ, ವೈನ್ ಶಾಪಿನಿಂದ ಪಾರ್ಸೆಲ್ ತಂದು ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೋ, ಖಾಲಿ ನಿವೇಶನದಲ್ಲೋ, ನಿಲ್ಲಿಸಿದ ಕಾರಿನೊಳಗೋ ಮೊದಲೇ ಕುಡಿದಿರುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧವಾದ್ದರಿಂದ, ಯಾರಾದರೂ ಬರುವ ಮುಂಚೆ ಮುಗಿಸಬೇಕೆಂಬ ಆತುರವೂ ಸೇರಿಕೊಳ್ಳುತ್ತದೆ. ಕತ್ತಲಲ್ಲಿ, ಪ್ಲಾಸ್ಟಿಕ್ ಲೋಟದಲ್ಲಿ, ಬರಿಹೊಟ್ಟೆಯಲ್ಲಿ ಕುಡಿದದ್ದನ್ನು ಅವರೇ ಲೆಕ್ಕ ಇಟ್ಟಿರುವುದಿಲ್ಲ.

ಒಂದು ಕ್ವಾರ್ಟರ್ ಎಂದರೆ 180 ಮಿಲಿ ಲೀಟರ್. ಬಾಟಲಿಯ ಮೇಲೆ ಶೇ. 42.8 ಎಂದು ಬರೆದಿರುವ ವಿಸ್ಕಿಯಾದರೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಕಾಫಿಯಾಗಲಿ, ತಣ್ಣೀರು ಸುರಿಯುವುದಾಗಲಿ ಆ ವೇಗವನ್ನು ಹೆಚ್ಚಿಸುವುದಿಲ್ಲ. ಗಡಿಬಿಡಿಯಲ್ಲಿ ಮುಗಿಸಿದ ಮದ್ಯ ಹೊಟ್ಟೆಯಿಂದ ರಕ್ತಕ್ಕೆ ಪೂರ್ತಿ ಸೇರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುವುದುಂಟು. ಹೀಗಾಗಿ ನಮ್ಮ ಬಾಗಿಲಿಗೆ ಮಾತನಾಡುತ್ತಲೇ ಬಂದವನು, ಇನ್ನೇನೂ ಕುಡಿಯದಿದ್ದರೂ, ಹಾಸಿಗೆಯ ಮೇಲೆ ಇನ್ನಷ್ಟು ಮಂಕಾಗಬಹುದು. ಕೊನೆಯ ಗುಟುಕಿನ ಹೊತ್ತು ಗೊತ್ತಿದ್ದರೆ ಅಮಲು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಂದಾಜಿಸಬಹುದು. ನನ್ನ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆ ಇಲ್ಲ.

ಉತ್ತರ ಸುಲಭವಾಗಿ ಸಿಗುವುದಿಲ್ಲ. «ಭಾಳ ಏನ್ ಕುಡಿದಿಲ್ರಿ ಸಿಸ್ಟರ್, ಮಲಗಿದ್ರ ಇಳಿತೈತಿ» ಎಂದು ಹೇಳಿ ಗೆಳೆಯರು ಹೊರಗೆ ಜಾರುತ್ತಾರೆ. ಅವರಿಗಿರುವುದು ಕೇಸಿನ ಭಯ, ಮನೆಯವರ ಭಯ. ಅಪಘಾತವಾಗಿದ್ದರೆ ಆಸ್ಪತ್ರೆಯು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ, ಅದನ್ನು ಮುಚ್ಚಿಡದೆ ಹೇಳಿಬಿಡುವುದೇ ಸರಿ. ಆಮೇಲೆ ಒಬ್ಬನನ್ನು ಪಕ್ಕಕ್ಕೆ ಕರೆದು, «ತಮ್ಮಾ, ಔಷಧ ಕೊಡಾಕ ಇದು ಗೊತ್ತಿರಬೇಕು, ನಿನ್ನ ಗೆಳೆಯನ ಜೀವದ ಮಾತಿದು» ಎಂದು ನಿಧಾನವಾಗಿ ಕೇಳಿದರೆ, ಬಹಳ ಸಲ ನಿಜ ಹೊರಬರುತ್ತದೆ. ಗದರಿದರೆ ಬರುವುದಿಲ್ಲ.

ಕಾಲುವೆಯ ಬಳಿ ಕುಡಿದರೆಂದು ತಿಳಿದ ಕೂಡಲೇ ನಮ್ಮ ಪರೀಕ್ಷೆಯ ದಿಕ್ಕೂ ಬದಲಾಗಬೇಕು. ಇಳಿಜಾರಾದ ಸಿಮೆಂಟಿನ ಅಂಚಿನಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿರಬಹುದು, ಶ್ವಾಸಕೋಶಕ್ಕೆ ನೀರು ಹೋಗಿರಬಹುದು. ಬಾಯಿಂದ ವಾಸನೆ ಬರುತ್ತಿದೆ ಎಂದ ಮಾತ್ರಕ್ಕೆ ಎಲ್ಲವನ್ನೂ ಮದ್ಯದ ಲೆಕ್ಕಕ್ಕೆ ಹಾಕುವುದು ಅಪಾಯಕಾರಿ. ಊಟ ಮಾಡದೆ ಕುಡಿದವರಲ್ಲಿ ರಕ್ತದ ಸಕ್ಕರೆ ಕುಸಿಯಬಹುದು. ಬೆರಳ ತುದಿಯ ಒಂದು ಹನಿಯಿಂದ ಅದು ತಿಳಿಯುತ್ತದೆ, ಆದ್ದರಿಂದ ಅದನ್ನು ಬಂದ ತಕ್ಷಣ ನೋಡಬೇಕು. ವಾಂತಿ ಉಸಿರುನಾಳಕ್ಕೆ ಇಳಿಯದಂತೆ ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು.

ಕೊನೆಯ ಗುಟುಕಿನ ಹೊತ್ತನ್ನು ಕೇಸ್ ಶೀಟಿನ ಮೊದಲ ಸಾಲುಗಳಲ್ಲೇ ಬರೆದು, ಬೆಳಗಿನ ಪಾಳಿಯವರಿಗೆ ಬಾಯಿಬಿಟ್ಟೂ ಹೇಳಿರಿ. ಗಂಟೆಗಳು ಕಳೆದಂತೆ ರೋಗಿಯ ಎಚ್ಚರ ಹೆಚ್ಚುತ್ತ ಹೋಗಬೇಕು. ಹೆಚ್ಚದೆ ಇದ್ದರೆ, ಅಮಲು ಇನ್ನೂ ಇಳಿದಿಲ್ಲವೆಂದು ಕಾಯದೆ, ವೈದ್ಯರನ್ನು ಮತ್ತೊಮ್ಮೆ ಎಬ್ಬಿಸಿ ತಲೆಯ ಸ್ಕ್ಯಾನ್ ಬೇಕೇ ಎಂದು ಕೇಳಿರಿ.