ಸೋಮವಾರದ ಸೂಟಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಆಫೀಸಿದೆ. ಇಂಗ್ಲೆಂಡಿನ ಸಣ್ಣ ಕಂಪನಿಗಳ ಪಗಾರದ ಲೆಕ್ಕ ನೋಡುವುದು ನಮ್ಮ ಕೆಲಸ. ಚಳಿಗಾಲದಲ್ಲಿ ಅವರು ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದಾಗ ನಮಗೆ ಮಧ್ಯಾಹ್ನ ಎರಡೂವರೆ. ಊಟ ಮುಗಿಸಿ ಕೂತರೆ ರಾತ್ರಿ ಹತ್ತರವರೆಗೆ ಏಳುವ ಹಾಗಿಲ್ಲ.

2024ರ ಡಿಸೆಂಬರ್ ಮಧ್ಯದಲ್ಲಿ ಒಂದು ಮೇಲ್ ಬಂತು. ಕಿಟಕಿ, ಬಾಗಿಲು ತಯಾರಿಸುವ ಒಂದು ಕಂಪನಿಯಲ್ಲಿ ಬಿಲ್ ಬರೆಯುವ ಹೆಂಗಸು ತನ್ನ ಮ್ಯಾನೇಜರಿಗೆ ಕಳಿಸಿದ್ದು. ಅವರು ಅದನ್ನೇ ನಮಗೆ ದಾಟಿಸಿದ್ದರು. ಒಳಗಿದ್ದದ್ದು ಇಷ್ಟೇ: ನಾನು ವಾರಕ್ಕೆ ಮೂರು ದಿನ ಬರುತ್ತೇನೆ. ಪಕ್ಕದ ಮೇಜಿನವಳೂ ಮೂರೇ ದಿನ. ಈ ವರ್ಷ ಅವಳಿಗೆ 18 ದಿನ ರಜೆ, ನನಗೆ 14. ಯಾಕೆ?

ಆ ಲೆಕ್ಕ ಹಾಕಿದವಳು ನಾನೇ. ತಪ್ಪಾಗಿರಲಾರದು ಅಂದುಕೊಂಡೇ ಶೀಟ್ ತೆಗೆದೆ. ಆ ಕಂಪನಿಯಲ್ಲಿ ವಾರಕ್ಕೆ ಐದು ದಿನ ಬರುವವರಿಗೆ 20 ದಿನ ರಜೆ, ಅದರ ಮೇಲೆ 8 ಬ್ಯಾಂಕ್ ಹಾಲಿಡೇ. ಬ್ಯಾಂಕ್ ಹಾಲಿಡೇ ಅಂದರೆ ಬ್ಯಾಂಕಿಗೆ ಮಾತ್ರವಲ್ಲ, ಅಲ್ಲಿನ ಎಲ್ಲರ ಸಾರ್ವಜನಿಕ ರಜೆ. ಒಟ್ಟು 28. ಮೂರು ದಿನದವರಿಗೆ 20ರ ಬದಲು 12. ಬ್ಯಾಂಕ್ ಹಾಲಿಡೇ ಅವರ ಪಾಳಿಯ ದಿನವೇ ಬಂದರೆ ಅದೂ ಸಿಗುತ್ತದೆ. ಬರದಿದ್ದರೆ ಇಲ್ಲ. ಕೇಳಲು ಸರಿಯಾಗೇ ಇದೆ ಅಲ್ವಾ? ಎರಡು ವರ್ಷ ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ 2024ರ ಎಂಟು ತಾರೀಖುಗಳನ್ನು ಒಂದರ ಕೆಳಗೊಂದು ಬರೆದೆ. ಜನವರಿ 1 ಸೋಮವಾರ. ಗುಡ್ ಫ್ರೈಡೇ ಹೆಸರೇ ಹೇಳುವ ಹಾಗೆ ಶುಕ್ರವಾರ. ಈಸ್ಟರ್ ಮರುದಿನ ಏಪ್ರಿಲ್ 1, ಸೋಮವಾರ. ಮೇ 6, ಮೇ 27, ಆಗಸ್ಟ್ 26, ಮೂರೂ ಸೋಮವಾರ. ಕ್ರಿಸ್‌ಮಸ್ ಬುಧವಾರ, ಮರುದಿನದ ಬಾಕ್ಸಿಂಗ್ ಡೇ ಗುರುವಾರ. ಎಂಟರಲ್ಲಿ ಐದು ಸೋಮವಾರ! ಪಕ್ಕದ ಮೇಜಿನವಳದು ಸೋಮ, ಮಂಗಳ, ಬುಧ. ಅವಳಿಗೆ ಆರು ಸಿಕ್ಕವು. ಮೇಲ್ ಬರೆದವಳದು ಮಂಗಳ, ಬುಧ, ಗುರು. ಎರಡೇ ಸಿಕ್ಕವು. ಇಬ್ಬರೂ ಅಷ್ಟೇ ತಾಸು ದುಡಿಯುತ್ತಾರೆ. ಆದರೂ ಒಬ್ಬಳ ಪಾಳಿಯಲ್ಲಿ ಸೋಮವಾರ ಇದೆ, ಇನ್ನೊಬ್ಬಳದರಲ್ಲಿ ಇಲ್ಲ ಅನ್ನುವುದಕ್ಕೆ ನಾಲ್ಕು ದಿನ ವ್ಯತ್ಯಾಸ.

ಇಷ್ಟೇ ಆಗಿದ್ದರೆ ಅನ್ಯಾಯ ಅನ್ನಬಹುದಿತ್ತು. ನೋಡುತ್ತಾ ಹೋದರೆ ಕಾನೂನಿಗೂ ತಪ್ಪಿತ್ತು. ಅಲ್ಲಿನ 1998ರ ಕೆಲಸದ ವೇಳೆಯ ನಿಯಮಗಳ ಪ್ರಕಾರ ಯಾರಿಗೇ ಆದರೂ ವರ್ಷಕ್ಕೆ ಕನಿಷ್ಠ 5.6 ವಾರ ಸಂಬಳದ ರಜೆ ಕೊಡಬೇಕು. ವಾರ ಅಂದರೆ ಅವರವರ ವಾರ. ಐದು ದಿನದವರಿಗೆ 5.6 ಸಲ 5, ಅಂದರೆ 28. ಮೂರು ದಿನದವರಿಗೆ 5.6 ಸಲ 3, ಅಂದರೆ 16.8. ನಾನು ಕೊಟ್ಟಿದ್ದು 14. ಅವಳ ಹಕ್ಕಿನ 2.8 ದಿನ ನನ್ನ ಶೀಟಿನಲ್ಲೇ ಕಳೆದುಹೋಗಿತ್ತು. ಅದಲ್ಲದೆ ಪಾರ್ಟ್ ಟೈಮ್ ಅನ್ನುವ ಕಾರಣಕ್ಕೆ ಯಾರನ್ನೂ ಕಡಿಮೆಯಾಗಿ ಕಾಣಬಾರದು ಅಂತ 2000ದಲ್ಲಿ ಬೇರೆ ನಿಯಮವೇ ಬಂದಿದೆ. ಅದನ್ನು ನಾನು ಓದಿದ್ದೆ. ಓದಿಯೂ ಹೀಗೆ ಮಾಡಿದ್ದೆ. ಅವತ್ತು ರಾತ್ರಿ ಮನೆಗೆ ಹೋದ ಮೇಲೂ ಅದೇ ಕೊರೆಯುತ್ತಿತ್ತು.

ಮರುದಿನ ಮ್ಯಾನೇಜರಿಗೆ ಎಲ್ಲ ಬಿಡಿಸಿ ಬರೆದೆ. ತಪ್ಪು ನನ್ನದು ಅಂತಲೂ ಬರೆದೆ. ದಾರಿ ಕಷ್ಟದ್ದೇನಲ್ಲ. ರಜೆ ಬೇರೆ, ಬ್ಯಾಂಕ್ ಹಾಲಿಡೇ ಬೇರೆ ಅಂತ ಇಡದೆ ಎಲ್ಲವನ್ನೂ ಒಂದೇ ಗಂಟಿಗೆ ಹಾಕಬೇಕು. ಗಂಟಿನ ಲೆಕ್ಕ ತಾಸಿನಲ್ಲಿ ಇರಬೇಕು. ದಿನಕ್ಕೆ 8 ತಾಸು, ವಾರಕ್ಕೆ 24. ಅದರ 5.6 ಪಟ್ಟು, 134.4 ತಾಸು. ಪಾಳಿಯ ದಿನ ಬ್ಯಾಂಕ್ ಹಾಲಿಡೇ ಬಂದರೆ ಆ ಗಂಟಿನಿಂದಲೇ 8 ತಾಸು ಕಳೆಯುವುದು. ಬಾರದಿದ್ದರೆ ಆ ತಾಸು ಅವರ ಹತ್ತಿರವೇ ಉಳಿಯುತ್ತದೆ, ಬೇಕಾದ ದಿನ ತೆಗೆದುಕೊಳ್ಳಬಹುದು. ದಿನದಲ್ಲಿ ಹೇಳಲೇಬೇಕಾದರೆ 16.8 ಅನ್ನು 17 ಮಾಡಬಹುದು. 16 ಮಾಡುವ ಹಾಗಿಲ್ಲ. ಮೇಲಕ್ಕೆ ಏರಿಸಬಹುದು, ಕೆಳಕ್ಕೆ ಇಳಿಸಬಾರದು. ಈ ನಿಯಮ ನನಗೆ ತುಂಬಾ ಹಿಡಿಸಿತು.

ಮ್ಯಾನೇಜರ್ ಒಪ್ಪಿದರು. ಉಳಿದ ದಿನಗಳನ್ನು ಜನವರಿಗೆ ದಾಟಿಸಿದೆವು. 18 ಸಿಕ್ಕವಳಿಂದ ಏನೂ ವಾಪಸ್ ಕೇಳಲಿಲ್ಲ. ಮೇಲ್ ಬರೆದವಳಿಂದ ಎರಡು ಸಾಲಿನ ಉತ್ತರ ಬಂತು. ತಾನು ಸುಮ್ನೆ ತಕರಾರು ಮಾಡುತ್ತಿದ್ದೇನೆ ಅಂತ ಎಲ್ಲರೂ ತಿಳಿದುಕೊಂಡಾರು ಅನ್ನೋ ಹೆದರಿಕೆ ಇತ್ತಂತೆ.

ಇದಾದ ಹತ್ತು ದಿನಕ್ಕೆ, 27ನೇ ತಾರೀಖು ಶುಕ್ರವಾರ, ನಮ್ಮ ಮನೆಯ ಅಡುಗೆಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು. ಅವ್ವನಿಗೆ ಮೊಣಕಾಲು ನೋವು. ರೊಟ್ಟಿ ಮಾಡಲು ಒಬ್ಬ ಅಕ್ಕ ಸೋಮ, ಬುಧ, ಶುಕ್ರ ಬರುತ್ತಾಳೆ. ಸೋಮವಾರ 30ಕ್ಕೆ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುವ ದಿನ. ನಮ್ಮ ಹಬ್ಬಕ್ಕೆ ಅಂತ ಆಕೆ ದಿನಕ್ಕಿಂತ ಎರಡು ಪಟ್ಟು ಜಾಸ್ತಿ ರೊಟ್ಟಿ ಬಡಿದಿದ್ದಳು. ಕೈ ತೊಳೆದು ಹೊರಡುವಾಗ ಅಂದಳು: "ಸೋಮವಾರ ಅಮಾಸಿ ಅದರಿ ಅವ್ವಾರ, ಹೊಲಕ್ಕ ಹೋಗಬೇಕು. ಖಾಡೆ ಹಿಡೀರಿ."

ಸೂಟಿ ಅನ್ನಲಿಲ್ಲ ಆಕೆ. ಖಾಡೆ ಅಂದಳು. ಸೂಟಿಗೆ ಪಗಾರ ಇರುತ್ತದೆ, ಖಾಡೆಗೆ ಇರುವುದಿಲ್ಲ. ಅವ್ವ ರೂಢಿಯಂತೆ ಕ್ಯಾಲೆಂಡರಿನಲ್ಲಿ 30ರ ಸುತ್ತ ಸುನ್ನಿ ಹಾಕಲು ಪೆನ್ನು ಎತ್ತಿದಳು. ಆಕೆ ಹೋಗುವ ಇನ್ನೊಂದು ಮನೆಗೆ ಮಂಗಳ, ಗುರು, ಶನಿ. ಅಲ್ಲಿ ಈ ಅಮಾವಾಸ್ಯೆಗೆ ಏನೂ ಕಡಿತವಿಲ್ಲ. ನಮ್ಮ ಪಾಳಿಗೆ ಸೋಮವಾರ ಬಿದ್ದದ್ದಕ್ಕೆ ನಮ್ಮಲ್ಲಿ ಕಡಿತ. ಎದೆ ಝಲ್ಲೆಂದಿತು.

"ಅವ್ವಾ, ಒಂದು ನಿಮಿಷ" ಅಂದೆ. ಇಂಗ್ಲೆಂಡಿನ ಕಥೆ ಹೇಳಿದೆ. ನಮ್ಮ ಕರ್ನಾಟಕದ 1961ರ ಅಂಗಡಿ ಕಾಯ್ದೆಯಲ್ಲಿ 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಇದೆ. ಮನೆಗೆಲಸಕ್ಕೆ ಅದು ಅನ್ವಯಿಸುವುದಿಲ್ಲ. ಆದರೆ ನಾವು ಅದನ್ನೇ ಅಳತೆಗೆ ಇಟ್ಟುಕೊಳ್ಳಬಾರದು ಅಂತ ಯಾರೂ ಹೇಳಿಲ್ಲವಲ್ಲ. ವಾರಕ್ಕೆ 3 ದಿನ, ವರ್ಷಕ್ಕೆ 156. ಇಪ್ಪತ್ತರಿಂದ ಭಾಗಿಸಿದರೆ 7.8.

ಅವ್ವ ಸ್ವಲ್ಪ ಹೊತ್ತು ಕ್ಯಾಲೆಂಡರನ್ನೇ ನೋಡಿದಳು. "ಏಳು ಪಾಯಿಂಟ್ ಎಂಟು ಅಂದ್ರೇನದು? ಎಂಟು ಮಾಡು. ಈ ಅಮಾಸಿನೂ ಸೂಟಿನೇ ಇರಲಿ" ಅಂದಳು.

ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು. "ಹಂಗಾದ್ರ ಪಂಚಮಿಗಿ ತವರಮನಿಗಿ ಹೋದ್ರ ಖಾಡೆ ಇಲ್ಲೇನ್ರಿ?" ಅಂದಳು. 2025ರ ಹೊಸ ಕ್ಯಾಲೆಂಡರ್ ಬಿಚ್ಚಿ ನೋಡಿದೆ. ನಾಗರ ಪಂಚಮಿ ಜುಲೈ 29, ಮಂಗಳವಾರ.

"ಮಂಗಳವಾರ ಆ ಮನಿ ಪಾಳಿರಿ" ಅಂದಳು ಅಕ್ಕ. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು: "ತಂಗಿ, ಈ ಲೆಕ್ಕ ಒಂದು ಚೀಟಿಯಾಗ ಬರ್ದು ಕೊಡ್ತಿಯೇನವ್ವ? ಅವ್ರಿಗಿ ತೋರಸ್ತೀನಿ."